ಲಾಂಚಿನ ಎಂಜಿನ್ ಬಿಸಿ ಏರುತ್ತಿದೆಯಾ? ಎಲ್ಲಿ ಏರಿತು ಅಂತ ಮೊದಲು ನೋಡಿ

ಎಂಜಿನ್ ಬಿಸಿ ಆಗುತ್ತಿದೆ ಅಂತ, ಜನ ವಾಹನ ಹೊತ್ತು ಹೊಳೆ ದಾಟಿಸುವ ಲಾಂಚಿನ ಡ್ರೈವರ್ ಫೋನ್ ಮಾಡಿದರೆ ಹೆಚ್ಚಿನ ಮೆಕ್ಯಾನಿಕ್‌ಗಳು ಮೊದಲು ಕೇಳುವುದು 'ಕೂಲಂಟ್ ಇದೆಯಾ?' ಅಂತ. ನಾನು ಕೇಳುವುದು ಬೇರೆ. ಬಿಸಿ ಏರಿದ್ದು ಎಲ್ಲಿ? ದಡ ಬಿಟ್ಟ ಕೂಡಲೇನಾ, ಹೊಳೆ ಮಧ್ಯದಲ್ಲಾ, ಇಲ್ಲ ಆಚೆ ದಡಕ್ಕೆ ಮೂತಿ ಒತ್ತಿ ನಿಂತಾಗಲಾ? ಹೋಗುವಾಗ ಮಾತ್ರನಾ, ಬರುವಾಗಲೂನಾ? ಇಷ್ಟಕ್ಕೆ ಸರಿಯಾಗಿ ಉತ್ತರ ಸಿಕ್ಕರೆ ಸ್ಪ್ಯಾನರ್ ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದ ಹಾಗೆ.

ಕಾರಣ ಇದೆ. ಲಾರಿಯ ಎಂಜಿನ್ ಹಾಗೆ ಲಾಂಚಿನ ಎಂಜಿನ್ ಒಂದೇ ಸಮನೆ ಓಡುವುದಿಲ್ಲ. ಹಿಂದೆ ಎಳೆದು ದಡ ಬಿಡುತ್ತದೆ, ತಿರುಗುತ್ತದೆ, ಸ್ವಲ್ಪ ಹೊತ್ತು ಜೋರಾಗಿ ಓಡುತ್ತದೆ. ಆಚೆ ದಡ ಸೇರಿದ ಮೇಲೂ ಬಿಡುವಿಲ್ಲ. ರ‍್ಯಾಂಪು ಜಾರಬಾರದು ಅಂತ ಗೇರಿನಲ್ಲೇ ಇದ್ದು ದಡವನ್ನು ಒತ್ತಿ ಹಿಡಿದಿರುತ್ತದೆ. ಬಸ್ಸು, ಕಾರು, ಜನ ಎಲ್ಲ ಇಳಿದು ಹತ್ತುವವರೆಗೂ ಹಾಗೇ. ದಿನವಿಡೀ ಇದೇ ಸುತ್ತು. ಈ ಸುತ್ತಿನ ಪ್ರತಿ ಹಂತದಲ್ಲೂ ಎಂಜಿನ್‌ಗೆ ಬೀಳುವ ಭಾರ ಬೇರೆ, ಅದಕ್ಕೆ ಸಿಗುವ ನೀರು ಬೇರೆ. ಹಾಗಾಗಿ ಯಾವ ಹಂತದಲ್ಲಿ ಬಿಸಿ ತೋರಿಸುವ ಗೇಜಿನ ಮುಳ್ಳು ಏರಿತು ಅನ್ನುವುದೇ ದೊಡ್ಡ ಸುಳಿವು.

ನಾನು ಹೇಳುತ್ತಿರುವುದು ನಮ್ಮ ಕಡೆ ಕಾಣುವ ತರಹದ ಲಾಂಚಿನ ವಿಷಯ. ಚಪ್ಪಟೆ ತಳ, ತುದಿಗೆ ರ‍್ಯಾಂಪು, ನಡುವೆ ವಾಹನ, ಡೆಕ್ಕಿನ ಕೆಳಗೆ ಡೀಸೆಲ್ ಎಂಜಿನ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರು ಊರುಗಳ ನಡುವಿನ ರಸ್ತೆಗಳನ್ನೇ ನುಂಗಿತು. ಆಮೇಲೆ ಅಂಬಾರಗೊಡ್ಲು–ಕಳಸವಳ್ಳಿ, ಹಸಿರುಮಕ್ಕಿ, ಮುಪ್ಪಾನೆ ಕಡೆಗಳಲ್ಲಿ ಲಾಂಚೇ ರಸ್ತೆ. ತುಮರಿ ಕಡೆಯವರು ಸಾಗರ ಪೇಟೆಗೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಿಗಂದೂರಿಗೆ ಹೋದವರಿಗೂ ಆ ಸಾಲು ನೆನಪಿರುತ್ತದೆ. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಆದರೆ ಲಾಂಚು, ಬಾರ್ಜು ನಂಬಿಕೊಂಡಿರುವ ದಡಗಳು ಇನ್ನೂ ಇವೆ. ಅಘನಾಶಿನಿಯಲ್ಲಿ ತದಡಿ ಇದೆ, ಗೋವಾದ ಮಾಂಡೋವಿ ಇದೆ, ಕೊಚ್ಚಿ ಇದೆ. ಎಂಜಿನ್ ತಣಿಸುವ ತಲೆನೋವು ಎಲ್ಲ ಕಡೆಯೂ ಒಂದೇ. ನೀರಿನ ಗುಣ ಮಾತ್ರ ಬೇರೆ.

ಹೊಳೆ ಮಧ್ಯದಲ್ಲಿ ಮುಳ್ಳು ಏರಿದರೆ

ದೋಷ ಹುಡುಕುವುದು ದಡಕ್ಕೆ ಬಂದ ಮೇಲೆ. ನಡುನೀರಿನಲ್ಲಿ ಮಾಡಬೇಕಾದ್ದು ಕಡಿಮೆ, ಆದರೆ ಸರಿಯಾದ ಕ್ರಮದಲ್ಲಿ ಮಾಡಬೇಕು.

ಮೊದಲು ಥ್ರಾಟಲ್ ಇಳಿಸಿ. ತಕ್ಷಣ ಎಂಜಿನ್ ಆಫ್ ಮಾಡಬೇಡಿ. ಆಫ್ ಮಾಡಿದರೆ ನೀರಿನ ಓಟ ನಿಲ್ಲುತ್ತದೆ, ಹೆಡ್ಡಿನಲ್ಲಿರುವ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಕಾವು ಅಲ್ಲೇ ಉಳಿಯುತ್ತದೆ. ಭಾರ ತೆಗೆದು ಐಡಲ್‌ನಲ್ಲಿ ಬಿಟ್ಟರೆ ಸಾಮಾನ್ಯವಾಗಿ ಮುಳ್ಳು ನಿಧಾನಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಒಬ್ಬರು ಹೊಗೆ ಕೊಳವೆ ಕಡೆ ಬಗ್ಗಿ ನೋಡಲಿ. ಅಲ್ಲಿಂದ ನೀರು ಬೀಳುವ ಏರ್ಪಾಡು ಇದ್ದು, ಈಗ ಬೀಳುತ್ತಿಲ್ಲ ಅಂದರೆ ಐಡಲ್‌ನಲ್ಲೂ ಬಿಡಬೇಡಿ, ನಿಲ್ಲಿಸಿಬಿಡಿ. ಎಣ್ಣೆ ಪ್ರೆಶರ್ ಬಿದ್ದಿದ್ದರೂ ನಿಲ್ಲಿಸಿ. ಎರಡು ಎಂಜಿನ್ ಇದ್ದರೆ ಇನ್ನೊಂದರಲ್ಲಿ ನಿಧಾನಕ್ಕೆ ಹತ್ತಿರದ ದಡ ಹಿಡಿಯಿರಿ. ಒಂದೇ ಇದ್ದರೆ ಎಂಜಿನ್ ನಿಲ್ಲಿಸುವ ಮೊದಲೇ ಲಂಗರಿನ ಹತ್ತಿರ ಜನ ನಿಂತಿರಲಿ. ಮಳೆಗಾಲದ ಗಾಳಿಗೆ ಮೇಲೆ ನಿಂತ ಬಸ್ಸೇ ಹಾಯಿ ಆಗುತ್ತದೆ. ಎಂಜಿನ್ ಇಲ್ಲದ ಲಾಂಚನ್ನು ಅದು ಮುಳುಗಿದ ಮರದ ಬುಡಗಳ ಕಡೆ ಒಯ್ಯುವುದಕ್ಕೆ ಜಾಸ್ತಿ ಹೊತ್ತು ಬೇಡ.

ಜನರಿಗೆ ಹೇಳಿ. ಲೈಫ್ ಜಾಕೆಟ್ ಹಾಕಿಸಿ. ವಾಹನದೊಳಗೆ ಕೂತವರನ್ನು ಹೊರಗೆ ಬರಲು ಹೇಳಿ. ಏನಾಯ್ತು ಅಂತ ನೋಡಲು ಎಲ್ಲರೂ ಒಂದೇ ಬದಿಗೆ ಓಡಿ ಬರುತ್ತಾರೆ, ಅದನ್ನು ತಡೆಯಿರಿ. ಎಂಜಿನ್ ಬಿಸಿಗಿಂತ ಅದು ಅಪಾಯ.

ಕೂಲಂಟ್ ಟ್ಯಾಂಕಿನ ಮುಚ್ಚಳಕ್ಕೆ ಯಾರೂ ಕೈ ಹಾಕಬಾರದು. 7 ಪಿಎಸ್‌ಐ ಒತ್ತಡ ತಡೆಯುವ ಮುಚ್ಚಳ ಇದ್ದರೆ ಒಳಗಿನ ನೀರು ಸುಮಾರು 110 ಡಿಗ್ರಿವರೆಗೆ ಕುದಿಯದೆ ತಡೆದುಕೊಂಡಿರುತ್ತದೆ. ತೆರೆದ ಕ್ಷಣ ಒತ್ತಡ ಹೋಗುತ್ತದೆ, ಕುದಿನೀರು ಆವಿಯ ಜೊತೆ ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಪೈಪಿನ ಮೇಲೆ ಕೈ ಇಟ್ಟು ಸುಮ್ನೆ ಹಿಡಿದುಕೊಳ್ಳಲು ಆಗುವಷ್ಟು ತಣಿಯಲಿ. ಆಮೇಲೂ ಬಟ್ಟೆ ಹಾಕಿ, ಅರ್ಧ ತಿರುವು ತಿರುಗಿಸಿ, ಗಾಳಿ ಹೋದ ಮೇಲೆ ಪೂರ್ತಿ ತೆಗೆಯಿರಿ. ಬಿಸಿ ಎಂಜಿನ್‌ಗೆ ಹೊಳೆಯ ತಣ್ಣೀರು ಸುರಿಯುವ ಚಾಳಿ ಕೆಲವರಿಗಿದೆ. ಹೆಡ್ಡು ಸೀಳುವುದು ಹಾಗೇ.

ಒಳಗಿನ ನೀರು, ಹೊಳೆಯ ನೀರು

ಹೆಚ್ಚಿನ ಲಾಂಚ್ ಎಂಜಿನ್‌ಗಳಲ್ಲಿ ಎರಡು ನೀರು ಓಡುತ್ತವೆ. ಒಂದು ಎಂಜಿನ್ ಒಳಗೇ ಸುತ್ತುವ ಕೂಲಂಟ್. ಅದಕ್ಕೆ ಬೆಲ್ಟ್ ಅಥವಾ ಗೇರಿನಿಂದ ತಿರುಗುವ ಒಂದು ಪಂಪು, ಬಿಸಿ ನೋಡಿ ತಾನೇ ತೆರೆದು ನೀರಿಗೆ ದಾರಿ ಬಿಡುವ ಒಂದು ಥರ್ಮೋಸ್ಟಾಟ್. ಇನ್ನೊಂದು ಹೊಳೆಯ ನೀರು. ಲಾಂಚಿನ ಹೊಟ್ಟೆಯಲ್ಲಿರುವ ತೂತಿನಿಂದ ಒಳಗೆ ಬಂದು, ವಾಲ್ವ್ ದಾಟಿ, ಕಸ ಹಿಡಿಯುವ ಬುಟ್ಟಿಯ ಸ್ಟ್ರೇನರ್ ದಾಟಿ, ರಬ್ಬರ್ ರೆಕ್ಕೆಯ ಪಂಪು ದಾಟಿ, ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ಕೊಳವೆಗಳೊಳಗೆ ಹರಿದು, ಹೊಗೆಯ ಜೊತೆಗೋ ಬೇರೆ ಪೈಪಿನಲ್ಲೋ ಹೊರಗೆ ಬೀಳುತ್ತದೆ. ಎರಡು ನೀರು ಎಲ್ಲೂ ಬೆರೆಯುವುದಿಲ್ಲ. ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಒಂದರ ಕಾವು ಇನ್ನೊಂದಕ್ಕೆ ದಾಟುತ್ತದೆ, ಅಷ್ಟೇ.

ಹಾಗಾಗಿ ಬಿಸಿ ಏರುವುದಕ್ಕೆ ಇರುವುದು ನಾಲ್ಕೇ ದಾರಿ. ಹೊಳೆ ನೀರು ಸಾಕಷ್ಟು ಬರುತ್ತಿಲ್ಲ. ಒಳಗಿನ ನೀರು ಸುತ್ತುತ್ತಿಲ್ಲ. ಎರಡೂ ಓಡುತ್ತಿವೆ, ಆದರೆ ನಡುವೆ ಕಾವು ದಾಟುತ್ತಿಲ್ಲ. ಇಲ್ಲವೇ ಎಲ್ಲ ಸರಿಯಿದೆ, ಎಂಜಿನ್ ಮಾಡಬಾರದಷ್ಟು ಕೆಲಸ ಮಾಡುತ್ತಿದೆ.

ಗೇಜು ನಿಜ ಹೇಳುತ್ತಿದೆಯಾ?

ವೀಲ್‌ಹೌಸಿನ ಮುಳ್ಳನ್ನು ನಂಬಿ ಹೆಡ್ಡು ಬಿಚ್ಚಿದವರನ್ನು ನೋಡಿದ್ದೇನೆ. ಸೆಂಡರ್‌ನ (ಎಂಜಿನ್ ಮೇಲಿದ್ದು ಗೇಜಿಗೆ ಬಿಸಿ ತಿಳಿಸುವ ಬಿಡಿಭಾಗ) ತಂತಿ ಸವೆದು ಎಂಜಿನ್ನಿನ ಲೋಹಕ್ಕೆ ತಾಗಿದ್ದರೆ ಕೆಲವು ಗೇಜುಗಳಲ್ಲಿ ಮುಳ್ಳು ಒಮ್ಮೆಲೇ ಕೊನೆಗೆ ಹೋಗಿ ನಿಲ್ಲುತ್ತದೆ. ನಿಜವಾದ ಬಿಸಿ ಹಾಗೆ ಜಿಗಿಯುವುದಿಲ್ಲ, ಏರಲು ನಿಮಿಷಗಳು ಬೇಕು. ಲೈಟ್ ಹಾಕಿದಾಗ, ಹಾರ್ನ್ ಒತ್ತಿದಾಗ ಮುಳ್ಳು ಕುಣಿಯುತ್ತಿದ್ದರೆ ಅದು ಅರ್ತಿಂಗ್ ತೊಂದರೆ.

ಇನ್ಫ್ರಾರೆಡ್ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಈಗ ದುಬಾರಿ ಏನಲ್ಲ. ಥರ್ಮೋಸ್ಟಾಟ್ ಗೂಡಿನ ಮೇಲೆ ಹಿಡಿದು ಓದಿ. ಪೇಂಟ್ ಇರುವ ಜಾಗದಲ್ಲೇ ಹಿಡಿಯಬೇಕು. ಹೊಳೆಯುವ ಹಿತ್ತಾಳೆ, ಸ್ಟೀಲ್ ಮೇಲೆ ಹಿಡಿದರೆ ಇರುವುದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಪೇಂಟ್ ಇಲ್ಲದಿದ್ದರೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಓದಿ.

ಇನ್ನೊಂದು ಸುಳ್ಳು ಎಚ್ಚರಿಕೆ ಇದೆ. ಎಂಜಿನ್ ನಿಲ್ಲಿಸಿದ ಮೇಲೆ ಮುಳ್ಳು ಸ್ವಲ್ಪ ಮೇಲೆ ಹೋಗುತ್ತದೆ. ಅದು ದೋಷ ಅಲ್ಲ. ನೀರು ನಿಂತಿದೆ, ಕಬ್ಬಿಣದಲ್ಲಿರುವ ಕಾವು ನೀರಿಗೆ ಬರುತ್ತಿದೆ. ಮತ್ತೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಮರೆತುಬಿಡಿ.

ಮೂರು ಕಡೆ ಬಿಸಿ ಓದುವ ಪರೀಕ್ಷೆ

ಬಿಸಿ ನಿಜ ಅಂತ ಗೊತ್ತಾದ ಮೇಲೆ ಮಾಡುವ ಮೊದಲ ಕೆಲಸ ಇದು. ಎಂಜಿನ್ ಭಾರದಲ್ಲಿ ಓಡುತ್ತಿರುವಾಗಲೇ ಮೂರು ಜಾಗದ ಬಿಸಿ ಓದಿ: ಹೊಳೆ ನೀರು ಎಕ್ಸ್‌ಚೇಂಜರ್‌ಗೆ ಹೋಗುವ ಕಡೆ, ಅದು ಹೊರಗೆ ಬರುವ ಕಡೆ, ಮತ್ತು ಥರ್ಮೋಸ್ಟಾಟ್ ಗೂಡು.

ಹೊರಗೆ ಬರುವ ಹೊಳೆ ನೀರು ತುಂಬಾ ಬಿಸಿಯಿದೆ, ಬೀಳುವುದೂ ಸಣ್ಣಗೆ. ಅಂದರೆ ನೀರು ಕಡಿಮೆ ಬರುತ್ತಿದೆ, ಬಂದ ಚೂರು ನೀರೇ ಎಲ್ಲ ಕಾವನ್ನು ಹೊರುತ್ತಿದೆ. ಹೊಳೆ ನೀರು ಬರುವ ದಾರಿಯಲ್ಲಿ ದೋಷ ಹುಡುಕಿ.

ಹೊರಗೆ ಬರುವ ನೀರು ಒಳಗೆ ಹೋದಷ್ಟೇ ತಣ್ಣಗಿದೆ, ಧಾರೆಯೂ ದಪ್ಪಗಿದೆ, ಆದರೆ ಎಂಜಿನ್ ಕುದಿಯುತ್ತಿದೆ. ಹಾಗಾದರೆ ಕಾವು ಆ ನೀರಿನವರೆಗೆ ಬರುತ್ತಲೇ ಇಲ್ಲ. ಥರ್ಮೋಸ್ಟಾಟ್ ಮುಚ್ಚಿಕೊಂಡಿರಬಹುದು, ಬೆಲ್ಟ್ ಜಾರುತ್ತಿರಬಹುದು, ಕೂಲಂಟ್ ಕಡಿಮೆಯಿರಬಹುದು, ಕೊಳವೆಗಳಿಗೆ ಪಾಚಿ ಅಥವಾ ಸುಣ್ಣ ಕಟ್ಟಿರಬಹುದು.

ಧಾರೆ ಸರಿಯಿದೆ, ನೀರು ಮಾಮೂಲಿಗಿಂತ ಬಿಸಿಯಾಗಿಯೇ ಬರುತ್ತಿದೆ, ಆದರೂ ಮುಳ್ಳು ಏರುತ್ತಿದೆ. ಆಗ ತಣಿಸುವ ವ್ಯವಸ್ಥೆಯನ್ನು ಬೈಯಬೇಡಿ. ಎಂಜಿನ್ ಮೇಲೆ ಭಾರ ಜಾಸ್ತಿ ಬೀಳುತ್ತಿದೆ.

ಮಾಮೂಲಿ ಅಂದರೆ ಎಷ್ಟು ಅನ್ನುವುದು ನಿಮ್ಮ ಎಂಜಿನ್‌ಗೇ ಸೇರಿದ್ದು. ಅದಕ್ಕೇ ಎಲ್ಲ ಸರಿಯಿರುವ ದಿನ ಒಮ್ಮೆ ಈ ಮೂರನ್ನೂ ಓದಿ ಎಂಜಿನ್ ರೂಮಿನ ಗೋಡೆಯ ಮೇಲೆ ಬರೆದಿಡಿ. ಕೆಟ್ಟ ದಿನ ಹೋಲಿಸಲು ಅದೊಂದೇ ಆಧಾರ.

ದಡ ಬಿಟ್ಟ ಕೂಡಲೇ ಏರಿದರೆ

ಹತ್ತರಲ್ಲಿ ಎಂಟು ಸಲ ಇದು ಸ್ಟ್ರೇನರ್. ಲಾಂಚು ದಡ ಒತ್ತಿ ನಿಂತಿರುವಷ್ಟು ಹೊತ್ತು ಪ್ರೊಪೆಲ್ಲರ್ ಕೆಳಗಿನ ಕೆಸರನ್ನು ಕಡೆಯುತ್ತಿರುತ್ತದೆ. ಅದೇ ಕೆಸರು ನೀರನ್ನೇ ಎಂಜಿನ್ ಕುಡಿಯುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಇದು ಇನ್ನೂ ಜಾಸ್ತಿ. ಲಿಂಗನಮಕ್ಕಿ ತುಂಬಿದಾಗ ನೀರು 1,819 ಅಡಿ ಮಟ್ಟದಲ್ಲಿ ನಿಲ್ಲುತ್ತದೆ. ಏಪ್ರಿಲ್, ಮೇ ಬಂತೆಂದರೆ ದಡವೇ ದೂರ ಸರಿಯುತ್ತದೆ. ರ‍್ಯಾಂಪ್ ಮುಟ್ಟುವ ಜಾಗ ಮತ್ತೆ ಮತ್ತೆ ಬದಲಾಗುತ್ತದೆ, ಕೆಲವು ಸಲ ವಾಹನ ಬಿಟ್ಟು ಜನರನ್ನು ಮಾತ್ರ ದಾಟಿಸಬೇಕಾಗುತ್ತದೆ. ಅಂಥ ದಿನಗಳಲ್ಲಿ ತಳಕ್ಕೂ ಕೆಸರಿಗೂ ನಡುವೆ ಇರುವ ನೀರು ಗೇಣು ಲೆಕ್ಕದ್ದು. ಮುಂಗಾರು ಶುರುವಾದಾಗ ಕಾಟ ಬೇರೆ. ತರಗೆಲೆ, ಕಡ್ಡಿ, ಪ್ಲಾಸ್ಟಿಕ್ ಕೊಟ್ಟೆ.

ಮೊದಲು ವಾಲ್ವ್ ಮುಚ್ಚಿ, ಆಮೇಲೆ ಸ್ಟ್ರೇನರ್ ತೆರೆಯಿರಿ. ಇದನ್ನು ತಿರುಗಾಮುರುಗಾ ಮಾಡಿದರೆ ಎಂಜಿನ್ ರೂಮಿಗೆ ಹೊಳೆ ಬರುತ್ತದೆ. ಬುಟ್ಟಿ ತೊಳೆಯಿರಿ. ಆಮೇಲೆ ಮುಚ್ಚಳ ಹಾಕುವ ಮೊದಲು ವಾಲ್ವನ್ನು ಒಂದು ಕ್ಷಣ ಸ್ವಲ್ಪ ತೆರೆದು ನೋಡಿ. ನೀರು ಜೋರಾಗಿ ಉಕ್ಕಿ ಬರಬೇಕು. ಬುಟ್ಟಿ ಸ್ವಚ್ಛ ಇದ್ದೂ ನೀರು ಸುರಸುರ ಅಂತ ಬಂದರೆ ಅಡಚಣೆ ಇರುವುದು ಹೊರಗಿನ ಜಾಲರಿಯಲ್ಲಿ. ಪ್ಲಾಸ್ಟಿಕ್ ಕೊಟ್ಟೆ ಬಂದು ಅಂಟಿಕೊಂಡರೆ ವಿಚಿತ್ರ ಆಟ ಆಡುತ್ತದೆ. ಎಂಜಿನ್ ನಿಲ್ಲಿಸಿದರೆ ಬಿದ್ದುಹೋಗುತ್ತದೆ, ಓಡಿಸಿದರೆ ಮತ್ತೆ ಬಂದು ಕಚ್ಚುತ್ತದೆ. ಮೆಕ್ಯಾನಿಕ್ ಬಂದು ನೋಡುವಾಗ ಎಲ್ಲ ಸರಿ!

ಸ್ಟ್ರೇನರ್ ಮುಚ್ಚಳದ ವಾಶರ್ ಬಗ್ಗೆ ಒಂದು ಮಾತು. ಅಲ್ಲಿ ನೀರು ಸೋರಿದರೆ ಕಾಣುತ್ತದೆ. ಲಾಂಚಿನ ನೀರಿನ ಗೆರೆಗಿಂತ ಸ್ಟ್ರೇನರ್ ಮೇಲಿದ್ದರೆ ನೀರು ಸೋರುವುದಿಲ್ಲ, ಅದರ ಬದಲು ಗಾಳಿ ಒಳಗೆ ಹೋಗುತ್ತದೆ. ಅದು ಯಾರಿಗೂ ಕಾಣುವುದಿಲ್ಲ. ಪಾರದರ್ಶಕ ಮುಚ್ಚಳ ಇದ್ದರೆ ಟಾರ್ಚ್ ಹಾಕಿ ಗುಳ್ಳೆ ನೋಡಿ. ಇಲ್ಲದಿದ್ದರೆ ಮುಚ್ಚಳದ ಅಂಚಿಗೆ ಸೋಪಿನ ನೊರೆ ಹಚ್ಚಿ. ನೊರೆ ಒಳಗೆ ಎಳೆದುಕೊಂಡರೆ ವಾಶರ್ ಬದಲಿಸಿ.

ಐಡಲ್‌ನಲ್ಲಿ, ದಡಕ್ಕೆ ಒತ್ತಿ ನಿಂತಾಗ ಏರಿದರೆ

ಓಡುವಾಗ ಸರಿ, ನಿಂತಾಗ ಬಿಸಿ ಅಂದರೆ ಪಂಪಿನ ರಬ್ಬರ್ ಇಂಪೆಲ್ಲರ್ ಮೇಲೆ ನನಗೆ ಮೊದಲ ಅನುಮಾನ. ರೆಕ್ಕೆ ಸವೆದ ಪಂಪು ಜೋರಾಗಿ ತಿರುಗುವಾಗ ಹೇಗೋ ನಡೆಸುತ್ತದೆ, ನಿಧಾನ ತಿರುಗುವಾಗ ಕೈ ಬಿಡುತ್ತದೆ. ಮುಂಭಾಗದ ತಗಡು ಬಿಚ್ಚಿ ನೋಡಿ. ರೆಕ್ಕೆಯ ಬುಡದಲ್ಲಿ ಬಿರುಕು, ತುದಿ ಚಪ್ಪಟೆ, ಎಲ್ಲ ರೆಕ್ಕೆ ಒಂದೇ ಕಡೆ ಬಾಗಿ ಹಾಗೇ ಗಟ್ಟಿಯಾಗಿರುವುದು, ಇದರಲ್ಲಿ ಒಂದಿದ್ದರೂ ಬದಲಿಸಿ. ತಗಡಿನ ಒಳಮೈಯಲ್ಲಿ ಆಳದ ಗೆರೆ ಬಿದ್ದಿದ್ದರೆ ಹೊಸ ಇಂಪೆಲ್ಲರ್ ಹಾಕಿಯೂ ಉಪಯೋಗ ಇಲ್ಲ. ಕೆಲವು ತಗಡುಗಳನ್ನು ತಿರುಗಿಸಿ ಹಾಕಬಹುದು.

ರೆಕ್ಕೆ ಮುರಿದಿದ್ದರೆ ಮುರಿದ ತುಂಡನ್ನು ಹುಡುಕಲೇಬೇಕು. ಅದು ನೀರಿನ ಜೊತೆ ಹೋಗಿ ಎಕ್ಸ್‌ಚೇಂಜರ್‌ನ ಬಾಯಲ್ಲಿ ಕೂತಿರುತ್ತದೆ. ಹೊಸ ಇಂಪೆಲ್ಲರ್ ಹಾಕಿದ ಮೇಲೂ 'ಸ್ವಲ್ಪ ಬಿಸಿ ಇದೆ' ಅನ್ನುವ ದೂರು ಬರುವುದು ಈ ತುಂಡುಗಳಿಂದಲೇ. ಹೊಸದನ್ನು ಕೂರಿಸುವಾಗ ಗ್ಲಿಸರಿನ್ ಅಥವಾ ಸೋಪಿನ ನೀರು ಹಚ್ಚಿ. ಗ್ರೀಸು, ಎಂಜಿನ್ ಆಯಿಲ್ ಬೇಡ, ರಬ್ಬರ್ ಹಾಳಾಗುತ್ತದೆ.

ನೀರು ಇಳಿದಾಗ ಲಾಂಚು ನಿಲ್ಲಿಸುವ ಕಡೆಗಳಲ್ಲಿ ಮತ್ತೆ ಶುರು ಮಾಡಿದ ಮೊದಲ ವಾರ ಇದೇ ತೊಂದರೆ ಬರುತ್ತದೆ. ತಿಂಗಳುಗಟ್ಟಲೆ ಒಣಗಿ ನಿಂತ ಪಂಪಿನಲ್ಲಿ ರಬ್ಬರ್ ಒಂದೇ ಭಂಗಿಯಲ್ಲಿ ಗಟ್ಟಿಯಾಗಿರುತ್ತದೆ. ಲಾಂಚು ನಿಲ್ಲಿಸುವ ದಿನವೇ ಇಂಪೆಲ್ಲರ್ ತೆಗೆದು, ಪಂಪಿಗೆ ಚೀಟಿ ಕಟ್ಟಿ ಇಡುವುದು ಒಳ್ಳೆಯದು. ಚೀಟಿ ಯಾಕೆ ಅಂದರೆ, ಅದು ಇಲ್ಲ ಅನ್ನುವುದು ಗೊತ್ತಿಲ್ಲದೆ ಇನ್ಯಾರೋ ಸ್ಟಾರ್ಟ್ ಮಾಡುತ್ತಾರೆ.

ಕೆಲವು ಲಾಂಚಿಗೆ ಹೊಳೆ ನೀರಿನ ಪಂಪೇ ಇರುವುದಿಲ್ಲ. ಕೂಲಂಟನ್ನೇ ತಳದ ಹೊರಗಿನ ಕೊಳವೆಗಳಲ್ಲಿ ಓಡಿಸಿ ತಣಿಸುತ್ತಾರೆ. ಕೀಲ್ ಕೂಲರ್ ಅನ್ನುತ್ತಾರೆ. ಕಸ ಕಟ್ಟುವ ಕಾಟ ಇಲ್ಲ, ಕೆಸರು ಹೊಳೆಗೆ ನನ್ನ ಮಟ್ಟಿಗೆ ಇದೇ ಒಳ್ಳೆಯದು. ಆದರೆ ಲಾಂಚು ದಡ ಒತ್ತಿ ನಿಂತಾಗ ಆ ಕೊಳವೆಗಳು ಕೆಸರಿನಲ್ಲಿ ಹೂತುಕೊಂಡರೆ ಸುತ್ತ ನೀರು ಆಡುವುದಿಲ್ಲ, ಬಿಸಿ ಏರುತ್ತದೆ. ಹೊಳೆಗೆ ಬಂದ ಕೂಡಲೇ ಇಳಿಯುತ್ತದೆ. ರಿಪೇರಿಗೆ ಎಳೆದು ಹಾಕಿ ಬಂದ ಮೇಲೆ ಶುರುವಾದ ಬಿಸಿಯಾದರೆ ಪೇಂಟ್ ಮಾಡಿದವರನ್ನು ಕೇಳಿ. ತಳಕ್ಕೆ ಹೊಡೆದ ಪೇಂಟನ್ನು ಕೂಲರ್ ಮೇಲೂ ದಪ್ಪಗೆ ಹೊಡೆದಿರುತ್ತಾರೆ. ನೋಡಲು ಚೆಂದ, ಕಾವು ಮಾತ್ರ ಹೊರಗೆ ಹೋಗುವುದಿಲ್ಲ.

ಜೋರಾಗಿ ಓಡುವಾಗ ಮಾತ್ರ ಏರಿದರೆ

ಇಲ್ಲಿ ನೀರಿನ ದಾರಿ ಅರ್ಧ ಕಟ್ಟಿದೆ, ಇಲ್ಲವೇ ಭಾರ ಜಾಸ್ತಿ. ನಿಧಾನಕ್ಕೆ ಸಾಕಾಗುವ ನೀರು ಜೋರಿಗೆ ಸಾಲುತ್ತಿಲ್ಲ.

ಎಳೆಯುವ ಕಡೆಯ ಹೋಸ್ ಪೈಪ್ ನೋಡಿ, ಆದರೆ ಎಂಜಿನ್ ಓಡುವಾಗಲೇ ನೋಡಿ. ಹಳೇ ಪೈಪು ನಿಂತಾಗ ಗುಂಡಗೆ ಚೆನ್ನಾಗಿಯೇ ಇರುತ್ತದೆ. ಥ್ರಾಟಲ್ ಏರಿಸಿದಾಗ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತದೆ. ಒಳಗೆ ತಂತಿ ಸುರುಳಿ ಇರುವ ಪೈಪನ್ನೇ ಹಾಕಬೇಕು. ತೋಟಕ್ಕೆ ನೀರು ಬಿಡುವ ಪೈಪ್ ಹಾಕಿ ಕೆಲಸ ಮುಗಿಸಿದ್ದು ಸಾಕಷ್ಟು ಕಡೆ ಕಾಣುತ್ತದೆ. ಇನ್ನೂ ಕೆಟ್ಟದ್ದು ಅಂದರೆ ಒಳಪದರ ಬಿಟ್ಟುಕೊಂಡು ನಾಲಿಗೆಯ ಹಾಗೆ ದಾರಿ ಮುಚ್ಚುವುದು. ಹೊರಗಿನಿಂದ ಏನೂ ತಿಳಿಯುವುದಿಲ್ಲ, ಬಿಚ್ಚಿ ಟಾರ್ಚ್ ಬಿಟ್ಟೇ ನೋಡಬೇಕು.

ಎಕ್ಸ್‌ಚೇಂಜರ್‌ನ ಎರಡೂ ತುದಿಯ ಮುಚ್ಚಳ ತೆಗೆದರೆ ಕೊಳವೆಗಳ ಬಾಯಿ ಕಾಣುತ್ತದೆ. ಈ ತುದಿಯಿಂದ ಬೆಳಕು ಬಿಟ್ಟರೆ ಆ ತುದಿಯಲ್ಲಿ ಕಾಣಬೇಕು. ಹಿನ್ನೀರಿನಲ್ಲಿ ಕೂರುವುದು ಮೆತ್ತನೆ ಕೆಸರು ಮತ್ತು ಪಾಚಿ. ಮರದ ಕಡ್ಡಿ ಅಥವಾ ನೈಲಾನ್ ಬ್ರಶ್ಶಿನಿಂದ ನೀರು ಬರುವ ದಿಕ್ಕಿಗೆ ಎದುರಾಗಿ ತಳ್ಳಿದರೆ ಬಿಡುತ್ತದೆ. ಕಬ್ಬಿಣದ ಕಡ್ಡಿ ಹಾಕಬೇಡಿ. ಕೊಳವೆ ತೂತಾದರೆ ಎರಡು ನೀರು ಬೆರೆತು ಹೊಸ ರಗಳೆ ಶುರುವಾಗುತ್ತದೆ. ಕಲ್ಲಿನ ಹಾಗೆ ಸುಣ್ಣ ಕಟ್ಟಿದ್ದರೆ ಎಂಜಿನ್ ಕಂಪನಿ ಹೇಳಿದ ದ್ರಾವಣವನ್ನೇ ಬಳಸಿ.

ಭಾರದ ವಿಷಯಕ್ಕೆ ಬಂದರೆ, ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಮುಂಚಿನಷ್ಟು ಸುತ್ತು ತಿರುಗುತ್ತದೆಯಾ ನೋಡಿ. ತಿರುಗದೆ ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ನೀರೊಳಗೆ ನೋಡಿ. ಪ್ರೊಪೆಲ್ಲರ್‌ಗೆ ಹಗ್ಗ, ಮೀನಿನ ಬಲೆ ಸುತ್ತಿರಬಹುದು. ಶರಾವತಿ ಹಿನ್ನೀರಿನ ಕೆಳಗೆ ಮುಳುಗಿದ ಕಾಡಿದೆ. ನೀರು ಇಳಿದಾಗ ಒಣ ಬುಡಗಳು ಮೇಲೆ ಕಾಣುವುದು ಎಲ್ಲರಿಗೂ ಗೊತ್ತು. ಅಪಾಯ ಮಾಡುವುದು ಇನ್ನೂ ಒಂದು ಅಡಿ ಕೆಳಗೇ ಇರುವ ಬುಡ. ಅದಕ್ಕೆ ತಾಗಿ ರೆಕ್ಕೆ ಬಾಗಿದ್ದರೆ ಬಿಸಿಯ ಜೊತೆ ನಡುಕವೂ ಇರುತ್ತದೆ. ಯಾವ ದಿನದಿಂದ ನಡುಕ ಶುರುವಾಯಿತು ಅಂತ ಹೆಲ್ಪರ್‌ಗಳನ್ನು ಕೇಳಿ. ಡೆಕ್ಕಿನ ಮೇಲೆ ದಿನವಿಡೀ ನಿಲ್ಲುವ ಅವರಿಗೆ ಡ್ರೈವರ್‌ಗಿಂತ ಮೊದಲೇ ಕಾಲಿಗೆ ಗೊತ್ತಾಗಿರುತ್ತದೆ.

ಹೋಗುವಾಗ ಬಿಸಿ, ಬರುವಾಗ ತಣ್ಣಗೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪುಸ್ತಕದಲ್ಲಿ ಸಿಗುವುದಿಲ್ಲ. ಒಂದು ಕಡವಿನ ಲಾಂಚಿಗೆ ಬೆಳಗಿನ ಟ್ರಿಪ್ಪಿನಲ್ಲಿ ಆಚೆ ದಡಕ್ಕೆ ಹೋಗುವಾಗ ಮಾತ್ರ ಬಿಸಿ ಏರುತ್ತಿತ್ತು. ವಾಪಸ್ ಬರುವಾಗ ಇಲ್ಲ. ಮಧ್ಯಾಹ್ನ ಕಾರುಗಳಷ್ಟೇ ಇದ್ದರೆ ಇಲ್ಲ. ಸ್ಟ್ರೇನರ್ ಸ್ವಚ್ಛ, ಇಂಪೆಲ್ಲರ್ ಹೊಸದು, ಥರ್ಮೋಸ್ಟಾಟ್ ಹೊಸದು. ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್‌ಗೂ ನಡುವಿನ ಸೀಲು) ಬದಲಿಸಬೇಕು ಅಂತ ತೀರ್ಮಾನ ಆಗಿತ್ತು.

ಬೆಳಗಿನ ಟ್ರಿಪ್ಪಿನಲ್ಲಿ ವಿಶೇಷ ಏನು ಅಂತ ನೋಡಿದರೆ, ಬಸ್ಸು. ಮೊದಲು ಹತ್ತಿ ಪೂರ್ತಿ ಮುಂದಕ್ಕೆ ಹೋಗಿ ನಿಲ್ಲುತ್ತಿತ್ತು, ಆಚೆ ಕಡೆ ಬೇಗ ಇಳಿಯಬೇಕಲ್ಲ. ಹಿಂದೆ ಎರಡು ಬೈಕು ಬಿಟ್ಟರೆ ಏನೂ ಇಲ್ಲ. ಮೂತಿ ಕೆಳಗೆ, ಹಿಂಭಾಗ ಮೇಲೆ. ಚಪ್ಪಟೆ ತಳದ ಲಾಂಚು ಮೊದಲೇ ಜಾಸ್ತಿ ಮುಳುಗಿರುವುದಿಲ್ಲ. ಹೊಳೆ ನೀರು ಎಳೆಯುವ ತೂತು ಇದ್ದದ್ದು ಹಿಂದೆ, ಬದಿಯಲ್ಲಿ, ಸಾಕಷ್ಟು ಮೇಲೆ. ಮೊದಲು ಅದು ತಳದಲ್ಲೇ ಇತ್ತಂತೆ. ಕೆಸರು ಬರುತ್ತದೆ ಅಂತ ಯಾರೋ ಅದನ್ನು ಮುಚ್ಚಿ ಮೇಲೆ ಹೊಸ ತೂತು ಮಾಡಿದ್ದರು. ಕೆಸರಿನ ಕಾಟ ಹೋಯಿತು. ಆದರೆ ಬಸ್ಸು ಮುಂದೆ ನಿಂತಾಗ ಆ ತೂತು ನೀರಿನ ಮೇಲ್ಮೈಗೆ ಹತ್ತಿರ ಬಂದು ನೊರೆ ನೀರನ್ನು ಎಳೆಯುತ್ತಿತ್ತು. ಸ್ಟ್ರೇನರ್‌ಗೆ ಟಾರ್ಚ್ ಬಿಟ್ಟು ಬಸ್ಸಿರುವ ಟ್ರಿಪ್ಪಿನಲ್ಲಿ ನೋಡಿದಾಗ ಬರೀ ಗುಳ್ಳೆ.

ಮರುದಿನ ಬಸ್ಸನ್ನು ನಡುವಿಗೆ ನಿಲ್ಲಿಸಿ ಹೋದರು. ಮುಳ್ಳು ಅಲುಗಲಿಲ್ಲ. ಆಮೇಲೆ ತಳದ ತೂತನ್ನೂ ಮತ್ತೆ ತೆರೆಸಿ ಎರಡಕ್ಕೂ ವಾಲ್ವ್ ಹಾಕಿಸಲಾಯಿತು. ದಡದಲ್ಲಿ ಮೇಲಿನದು, ಹೊಳೆಯಲ್ಲಿ ಕೆಳಗಿನದು. ದೊಡ್ಡ ಹಡಗುಗಳಲ್ಲಿ ಮೊದಲಿನಿಂದಲೂ ಹೀಗೆ ಮೇಲೊಂದು ಕೆಳಗೊಂದು ಇರುತ್ತದೆ. ಬಂದರಿನ ಕೆಸರಿನಲ್ಲಿ ಮೇಲಿನದು, ಕಡಲಿಗೆ ಹೋದ ಮೇಲೆ ಕೆಳಗಿನದು.

ಹಾಗಾಗಿ ಬಿಸಿ ಏರಿದ ಟ್ರಿಪ್ಪಿನಲ್ಲಿ ಯಾವ ವಾಹನ ಎಲ್ಲಿ ನಿಂತಿತ್ತು ಅನ್ನುವುದನ್ನೂ ಬರೆದುಕೊಳ್ಳಿ. ವಾಹನಗಳನ್ನು ನಡುವಿನಿಂದ ಎರಡೂ ಕಡೆಗೆ ಸಮ ಹಂಚಿ ನಿಲ್ಲಿಸುವುದು ಹೇಗಿದ್ದರೂ ಮಾಡಲೇಬೇಕಾದ ಕೆಲಸ, ಎಂಜಿನ್‌ಗಾಗಿ ಅಲ್ಲದಿದ್ದರೂ.

ಒಳಗಿನ ನೀರಿನ ಕಡೆ

ಇಲ್ಲಿ ಬೇಗ ಮುಗಿಸುತ್ತೇನೆ, ಯಾವ ಡೀಸೆಲ್ ಎಂಜಿನ್ ಬಲ್ಲವರಿಗೂ ಗೊತ್ತಿರುವುದೇ.

ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿ, ಒಳಮೈ ಹೊಳೆಯುತ್ತಿದ್ದರೆ ಜಾರುತ್ತಿದೆ. ಥರ್ಮೋಸ್ಟಾಟ್ ತೆಗೆದು ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಅದರ ಮೇಲೆ ಅಚ್ಚೊತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಲಿಂಗನಮಕ್ಕಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಕುದಿಯುವ ನೀರಿನಲ್ಲೂ ಥರ್ಮಾಮೀಟರ್ 100 ತೋರಿಸಲಿಲ್ಲ ಅಂತ ಅದನ್ನು ಎಸೆಯಬೇಡಿ. ಥರ್ಮೋಸ್ಟಾಟ್ ತೆಗೆದುಹಾಕಿ ಹಾಗೇ ಓಡಿಸುವುದು ನಮ್ಮಲ್ಲಿ ಮಾಮೂಲು. ಬೇಡ. ಎಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ, ಡೀಸೆಲ್ ಪೂರ್ತಿ ಉರಿಯದೆ ಎಣ್ಣೆಗೆ ಸೇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ಎಕ್ಸ್‌ಚೇಂಜರ್ ಕಡೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಬಿಸಿ ಇನ್ನೂ ಏರುತ್ತದೆ.

ಕೂಲಂಟ್ ದಿನಾ ಕಡಿಮೆಯಾಗುತ್ತಿದೆ, ಹೊರಗೆಲ್ಲೂ ಸೋರಿದ ಗುರುತಿಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ ಯೋಚಿಸಿ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಒಂದೇ ಸಮನೆ ಬರುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ಬರುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಎಣ್ಣೆಗೆ ಸೇರಿದೆ. ಆಮೇಲೆ ಒಂದು ಟ್ರಿಪ್ಪೂ ಬೇಡ. ಗ್ಯಾಸ್ಕೆಟ್ ಹೋಗುವುದು ಸಾಮಾನ್ಯವಾಗಿ ಬಿಸಿಗೆ ಕಾರಣ ಅಲ್ಲ, ಬಿಸಿಯ ಫಲ. ಅದನ್ನಷ್ಟೇ ಬದಲಿಸಿ ಸ್ಟ್ರೇನರ್ ಹಾಗೇ ಬಿಟ್ಟರೆ ಮುಂದಿನ ತಿಂಗಳು ಮತ್ತೆ ಬಿಚ್ಚಬೇಕು.

ಉಪ್ಪು ನೀರಿನಲ್ಲಿ

ಅಳಿವೆಯಲ್ಲಿ ಓಡುವ ಬಾರ್ಜಿಗೆ ಮೇಲಿನದೆಲ್ಲ ಇದೆ, ಜೊತೆಗೆ ಚಿಪ್ಪು. ನೀರು ಎಳೆಯುವ ತೂತಿನಲ್ಲಿ, ಪೈಪಿನೊಳಗೆ, ಕೀಲ್ ಕೂಲರ್ ಮೇಲೆ, ಪ್ರೊಪೆಲ್ಲರ್ ಮೇಲೆ ಚಿಪ್ಪು ಬೆಳೆಯುತ್ತದೆ. ಬಿಸಿ ಒಂದು ದಿನದಲ್ಲಿ ಬರುವುದಿಲ್ಲ, ತಿಂಗಳುಗಳಲ್ಲಿ ಒಂದೊಂದೇ ಡಿಗ್ರಿ ಏರುತ್ತದೆ. ಕೆಲವು ದಿನ ನಿಂತ ಬಾರ್ಜಿನಲ್ಲಿ ಇನ್ನೂ ಬೇಗ. ಎಕ್ಸ್‌ಚೇಂಜರ್‌ನಲ್ಲಿ ಇರುವ ಸತುವಿನ ಕಡ್ಡಿ ತಾನು ಕರಗಿ ತಾಮ್ರವನ್ನು ಉಳಿಸುತ್ತದೆ. ಅರ್ಧ ಕರಗಿದಾಗಲೇ ಬದಲಿಸಿ. ಕರಗಿದ ಚೂರುಗಳೇ ಕೊಳವೆಗೆ ಅಡ್ಡ ಬೀಳುವುದೂ ಉಂಟು. ಸಿಹಿ ನೀರಿನಲ್ಲಿ ಸತು ಸರಿಯಾಗಿ ಕೆಲಸ ಮಾಡುವುದಿಲ್ಲ, ಅಲ್ಲಿಗೆ ಮೆಗ್ನೀಷಿಯಂ ಕಡ್ಡಿ. ಸಮುದ್ರದ ಕಡೆಯಿಂದ ತಂದ ಹಳೇ ಎಂಜಿನ್ ಹಿನ್ನೀರಿಗೆ ಹಾಕುವಾಗ ಇದನ್ನು ಯಾರೂ ನೆನಪಿಡುವುದಿಲ್ಲ.

ಕೊಚ್ಚಿಯಲ್ಲಿ ಇನ್ನೊಂದಿದೆ, ಅಂತರಗಂಗೆ. ಮಳೆ ನೀರು ಜಾಸ್ತಿಯಾಗಿ ಉಪ್ಪು ಕಡಿಮೆಯಾದ ತಿಂಗಳುಗಳಲ್ಲಿ ಹಸಿರು ಚಾಪೆಯಾಗಿ ತೇಲಿ ಬರುತ್ತದೆ. ಬೇಸಿಗೆಯ ಉಪ್ಪಿಗೆ ಸಾಯುತ್ತದೆ. ಆ ತಿಂಗಳುಗಳಲ್ಲಿ ಸ್ಟ್ರೇನರ್ ದಿನಕ್ಕೊಮ್ಮೆ ಅಲ್ಲ, ಮೂರ್ನಾಲ್ಕು ಟ್ರಿಪ್ಪಿಗೊಮ್ಮೆ ತೊಳೆಯಬೇಕಾಗುತ್ತದೆ. ಎರಡು ಸ್ಟ್ರೇನರ್ ಪಕ್ಕಪಕ್ಕ ಹಾಕಿ, ಒಂದು ತೊಳೆಯುವಾಗ ಇನ್ನೊಂದರಲ್ಲಿ ಓಡಿಸುವ ಏರ್ಪಾಡು ಅಂಥ ಕಡೆ ದುಂದು ಅಲ್ಲ.

ಸರಿಯಾಯಿತು ಅನ್ನುವ ಮೊದಲು

ದಡಕ್ಕೆ ಕಟ್ಟಿಹಾಕಿ ಅರ್ಧ ಗಂಟೆ ಓಡಿಸಿ 'ಓಕೆ' ಅನ್ನಬೇಡಿ. ಕಟ್ಟಿದ ಲಾಂಚಿನಲ್ಲಿ ಮೇಲೆ ಹೇಳಿದ ಅರ್ಧದಷ್ಟು ದೋಷ ಕಾಣುವುದೇ ಇಲ್ಲ. ಮೊದಲು ಜನ ಇಲ್ಲದೆ ಒಂದು ಸುತ್ತು ಹೋಗಿ ಬನ್ನಿ. ಆಮೇಲೆ ಬಿಸಿ ಏರಿದ ದಿನ ಇದ್ದಷ್ಟೇ ಭಾರ ಹಾಕಿ, ಅದೇ ದಿಕ್ಕಿಗೆ, ಅದೇ ಥ್ರಾಟಲ್‌ನಲ್ಲಿ ಹೋಗಿ. ಈ ಸುತ್ತಿನಲ್ಲೂ ಪ್ರಯಾಣಿಕರು ಬೇಡ. ಆಚೆ ದಡದಲ್ಲಿ ಮಾಮೂಲಿಯಷ್ಟು ಹೊತ್ತು ರ‍್ಯಾಂಪ್ ಒತ್ತಿ ನಿಲ್ಲಿ. ದಡ ಬಿಟ್ಟಾಗ, ಹೊಳೆ ಮಧ್ಯೆ, ಆಚೆ ದಡದಲ್ಲಿ, ಹೀಗೆ ಮೂರು ಕಡೆ ಮೂರು ಜಾಗದ ಬಿಸಿ ಓದಿ. ಗೋಡೆಯ ಮೇಲೆ ಬರೆದಿಟ್ಟ ಹಳೇ ಅಂಕಿಗೆ ಹೋಲಿಸಿ. ಅದರ ಹತ್ತಿರ ಇದ್ದರೆ ಮರುದಿನ ಬೆಳಗಿನ ಮೊದಲ ಟ್ರಿಪ್ಪಿಗೆ ಬಸ್ಸು ಹತ್ತಿಸಬಹುದು. ಇಲ್ಲದಿದ್ದರೆ ಡ್ರೈವರ್‌ಗೆ ಹೇಳಿ ಕಾರು, ಬೈಕು ಮಾತ್ರ ಹತ್ತಿಸಿ, ಅರ್ಧ ಥ್ರಾಟಲ್‌ನಲ್ಲಿ ನಡೆಸಿ, ಮತ್ತೆ ಸ್ಟ್ರೇನರ್‌ನಿಂದ ಶುರು ಮಾಡಿ.